ಟೀಚರಮ್ಮನ ಪಾಚಿ

ಅವರ ಉಗುರುಗಳ ಸಂದಿಯಲ್ಲಿ ಯಾವಾಗಲೂ ಹಸಿರು ಇರುತ್ತಿತ್ತು. ಸೀಮೆಸುಣ್ಣದ ಪುಡಿ ಮೆತ್ತಿದ ಉದ್ದನೆಯ ಬೆರಳುಗಳು, ಅವುಗಳ ತುದಿಯಲ್ಲಿ ಸಣ್ಣ ಹಸಿರು ಗೆರೆ. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ನಾನು ಬಣ್ಣದ ಮನೆಯಲ್ಲಿ ಹುಟ್ಟಿ ಬೆಳೆದವನು, ಕೈಗೆ ಬಣ್ಣ ಹತ್ತಿದವರನ್ನು ಕಂಡು ಹುಬ್ಬೇರಿಸುವವರ ಪೈಕಿಯಲ್ಲ. ನನ್ನ ಕೈಯೇ ಒಂದು ದಿನ ಕೆಂಪು, ಒಂದು ದಿನ ನೀಲಿ. ಆದರೆ ಅವರದು ಬಣ್ಣವಲ್ಲ, ಪಾಚಿ. ಅದನ್ನು ಕಂಡರೆ ನಮ್ಮವ್ವನಿಗೆ ಸಮಾಧಾನವಿರಲಿಲ್ಲ. "ಅದೇ ಕೈಲಿ ಉಣ್ತರಲ್ಲ ಮಗ, ಒಟ್ಟೆ ಏನಾದದು?" ಎಂದು ದಿನಾ ಕೇಳುತ್ತಿದ್ದಳು.

ಕೊಳ್ಳೇಗಾಲ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಹೊಸದರಲ್ಲಿ ಕಚೇರಿ, ಶಾಲೆಗಳಿಗೆಲ್ಲ ಮೈಸೂರು ಕಡೆಯವರು ಬರತೊಡಗಿದ್ದರು. ಇವರು ಹೆಣ್ಣುಮಕ್ಕಳ ಹೈಸ್ಕೂಲಿಗೆ ಸೈನ್ಸ್ ಟೀಚರಾಗಿ ಬಂದರು. ಬೀದಿ ಕಡೆಯ ಕೋಣೆಯನ್ನು ಅವ್ವ ಅವರಿಗೆ ಬಾಡಿಗೆಗೆ ಕೊಟ್ಟಳು. ಬಂದ ದಿನ ಗಾಡಿಯಿಂದ ಇಳಿದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಹುಲ್ಲು ತುರುಕಿ ಜೋಪಾನ ಮಾಡಿದ ಒಂದು ಗೋಣಿಚೀಲ ಖಾಲಿ ಬಾಟಲಿ. ಊರಿನವರ ಬಾಯಲ್ಲಿ ಅವರು ಟೀಚರಮ್ಮ ಆದರು. ನಮಗೂ ಅದೇ ರೂಢಿಯಾಯಿತು.

ಭಾನುವಾರ ಬಂತೆಂದರೆ ಟೀಚರಮ್ಮ ಬಸ್ಸು ಹತ್ತಿಬಿಡುತ್ತಿದ್ದರು. ಶಾಗ್ಯದ ಕೆರೆ, ರಾಮಾಪುರದ ಹಳ್ಳ, ಯಳಂದೂರಿನ ಹೊಳೆ, ಎಲ್ಲೆಲ್ಲಿ ನೀರು ನಿಂತು ಹಸಿರು ಕಟ್ಟಿದೆಯೋ ಅಲ್ಲೆಲ್ಲ ಸೀರೆ ಮೇಲೆತ್ತಿ ಕಟ್ಟಿ ಇಳಿಯುವುದು, ಬಾಟಲಿಗೆ ತುಂಬುವುದು. ಜನ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದರೆ ಪ್ರಸಾದ ತರುತ್ತಾರೆ, ಇವರು ಪಾಚಿ ತರುತ್ತಾರೆ ಎಂದು ನಾನು ಆಡಿಕೊಳ್ಳುತ್ತಿದ್ದೆ. ಒಮ್ಮೆ ಹನೂರಿನ ಬಸ್ಸಿನಲ್ಲಿ ಬಾಟಲಿ ಸೋರಿ ಪಕ್ಕದವರ ಪಂಚೆಯೆಲ್ಲ ನೆನೆದುಹೋಯಿತಂತೆ. ಕಂಡಕ್ಟರು ಸಿಡುಕಿ, "ಏನಮ್ಮಾ ಇದು, ಔಸ್ದೀನಾ?" ಎಂದು ಕೇಳಿದನಂತೆ.

"ಇನ್ನೂ ಗೊತ್ತಿಲ್ಲಪ್ಪ. ಗೊತ್ತಾದ ದಿನ ನಿನಗೇ ಮೊದಲು ಹೇಳ್ತೀನಿ" ಎಂದರಂತೆ ಇವರು.

"ಇನ್ನೂ ಗೊತ್ತಿಲ್ಲ" ಎನ್ನುವ ಮಾತನ್ನು ಅಷ್ಟು ಗತ್ತಿನಿಂದ ಹೇಳುವವರನ್ನು ನಾನು ಬೇರೆ ಕಂಡಿಲ್ಲ. ನಮಗೆಲ್ಲ ಗೊತ್ತಿಲ್ಲವೆಂದರೆ ತಲೆ ತಗ್ಗುತ್ತದೆ, ಅವರಿಗೆ ಕಣ್ಣು ಅರಳುತ್ತಿತ್ತು. ಅವರದು ಇನ್ನೊಂದು ಮಾತಿತ್ತು. ಬಾಟಲಿ ತೊಳೆಯುವಾಗ, ಅಕ್ಕಿ ತೊಳೆಯುವಾಗ, ಮನೆಗೆ ಬಂದ ಹುಡುಗಿಯರು ಕೈ ತೊಳೆಯುವಾಗ ಚೆಲ್ಲಿದ ನೀರನ್ನೇ ನೋಡುತ್ತ, "ನೀರು ನೀರಾಗಿಯೇ ಹೋಗಬೇಕು" ಎನ್ನುತ್ತಿದ್ದರು. ನನಗೆ ಆ ಮಾತು ಚುಚ್ಚುತ್ತಿತ್ತು. ಏಕೆಂದರೆ ನಮ್ಮ ಮನೆಯಿಂದ ನೀರು ನೀರಾಗಿ ಹೋಗುತ್ತಿರಲಿಲ್ಲ.

ಮನೆಯ ಹಿಂದೆಯೇ ಬಣ್ಣದ ಮನೆ. ಅಪ್ಪ ತೀರಿಕೊಂಡ ಮೇಲೆ ಅದು ನನ್ನ ಹೆಗಲಿಗೆ ಬಂದಿತ್ತು. ನೇಯುವವರು ರೇಷ್ಮೆ ಲಡಿ ತಂದುಕೊಟ್ಟರೆ ನಾವು ತಾಮ್ರದ ಕೊಪ್ಪರಿಗೆಯಲ್ಲಿ ಅದ್ದಿ, ಬೇಯಿಸಿ, ಬಣ್ಣ ಹಾಕಿ, ನೆರಳಲ್ಲಿ ಒಣಗಿಸಿ ಕೊಡಬೇಕು. ಗಾಢವಾದ ಬಣ್ಣಗಳು ನಿಲ್ಲಬೇಕಾದರೆ ಕೊನೆಯಲ್ಲಿ ಮೈಲುತುತ್ತದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದೆವು. ಕೆಲಸ ಮುಗಿದ ಮೇಲೆ ಆ ನೀರೆಲ್ಲ ಹಿತ್ತಲ ಕಾಲುವೆಗೆ. ಕಾಲುವೆ ಇಳಿಜಾರಿನಲ್ಲಿ ಹರಿದು ಊರ ಕೆಳಗಿನ ಒಂದು ಕಟ್ಟೆ ಸೇರುತ್ತಿತ್ತು. ಆ ಕಟ್ಟೆಯ ನೀರನ್ನು ಹಿಪ್ಪುನೇರಳೆ ತೋಟಗಳಿಗೆ ಹಾಯಿಸುತ್ತಿದ್ದರು. ಅವುಗಳಲ್ಲಿ ಮೊದಲನೆಯ ತೋಟ ನನ್ನ ಭಾವನದು, ನನ್ನ ಒಡಹುಟ್ಟಿದ ಅಕ್ಕನನ್ನು ಕೊಟ್ಟ ಮನೆ.

ಅಕ್ಕನಷ್ಟು ಚೆನ್ನಾಗಿ ರೇಷ್ಮೆ ಹುಳು ಸಾಕುವವರು ಆ ಸುತ್ತಿನಲ್ಲಿ ಇರಲಿಲ್ಲ. ಹುಳು ಪೊರೆ ಬಿಡುವ ಮುನ್ನ ಸೊಪ್ಪು ಮುಟ್ಟದೆ ತಲೆಯೆತ್ತಿ ಕೂರುತ್ತದಲ್ಲ, ಅದಕ್ಕೆ ನಮ್ಮಲ್ಲಿ ಜ್ವರಕ್ಕೆ ಕೂತವು ಅನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳು ಗೂಡು ಕಟ್ಟುತ್ತದೆ. ಒಂದು ವರ್ಷ ಅಕ್ಕನ ಹುಳುಗಳು ಕೊನೆಯ ಜ್ವರಕ್ಕೆ ಕೂತವು ಏಳಲಿಲ್ಲ. ಮುಂದಿನ ಬೆಳೆಯೂ ಹಾಗೇ ಆಯಿತು. ತೋಟದಲ್ಲಿ ಎಲೆಗಳ ಅಂಚು ಸುಟ್ಟಂತೆ ಕಂದಿತ್ತು.

ಭಾವ ಮಾತು ಕಡಿಮೆಯ ಮನುಷ್ಯ. ಒಂದು ಬೆಳಿಗ್ಗೆ ಬಂದು ಹಿತ್ತಲಲ್ಲಿ ನಿಂತು ಕಾಲುವೆಯನ್ನೇ ನೋಡಿದ. ಕಾಫಿ ಬೇಡವೆಂದ.

"ನಿನ್ ಬಣ್ಣದ್ ನೀರೇ ಕಣ್ಲಾ ನಮ್ ಉಳ ತಿಂತಿರದು. ಕೆಳ್ಗಿನ್ ತೋಟದವ್ರೆಲ್ಲ ಗುದ್ಲಿ ತಕಂಡು ಬರಕ್ಕೆ ನಿಂತವ್ರೆ. ನಾನೇ ತಡ್ದಿವ್ನಿ. ಇನ್ನೊಂದ್ ಬೆಳೆ ಇಂಗೇ ಆದ್ರೆ ಕಾಲ್ವೆಗೆ ಮಣ್ಣಾಕ್ತೀವಿ. ನಾನೂ ಆಕ್ತೀನಿ."

"ಕಾಲ್ವೆ ಮುಚ್ಚುದ್ರೆ ಬಣ್ಣದ್ ಮನೆ ಮುಚ್ಚುದಂಗೆ ಅಲ್ವಾ ಭಾವ?"

"ನಿಮ್ಮಕ್ಕ ಅಳ್ತಾ ಕುಂತವ್ಳೆ. ನಾನೇನ್ ಮಾಡ್ಲಿ?" ಎಂದು ಹೊರಟುಹೋದ.

ನೀರು ಹೋಗಲು ನಮಗೆ ಬೇರೆ ಇಳಿಜಾರು ಇರಲಿಲ್ಲ. ಬಣ್ಣದ ಮನೆ ಮುಚ್ಚಿದರೆ ಅದನ್ನೇ ನಂಬಿದ ಕೆಲಸದವರ ಒಲೆ ಆರುತ್ತದೆ. ನಡೆಸಿದರೆ ಅಕ್ಕನ ಮನೆಯ ಒಲೆ ಆರುತ್ತದೆ. ಹಾಗೆ ನಿಂತಿರುವಾಗ ಕಿಟಕಿಯಿಂದ ಟೀಚರಮ್ಮನ ದನಿ ಕೇಳಿತು. ಕದ್ದು ಕೇಳಿದೆನೆಂಬ ಸಂಕೋಚ ಅವರಿಗೆ ಚೂರೂ ಇರಲಿಲ್ಲ.

"ರೀ, ನಿಮ್ಮ ಕಾಲುವೆ ತಿರುವಿನ ಹತ್ತಿರ ಬನ್ನಿ. ಒಂದು ತೋರಿಸಬೇಕು. ಬಹಳ ದಿನದಿಂದ ನೋಡ್ತಾ ಇದೀನಿ."

ತಿರುವಿನಲ್ಲಿ ನೀರು ಸ್ವಲ್ಪ ನಿಂತು ಹೋಗುವ ಒಂದು ಗುಂಡಿ. ಅದಕ್ಕಿಂತ ಮೇಲೆ ಕಾಲುವೆಯ ದಡದಲ್ಲಿ ಹುಲ್ಲಿರಲಿ, ಕಳೆಯೂ ಇರಲಿಲ್ಲ. ಗುಂಡಿಯೊಳಗೆ ಮಾತ್ರ ಎಳೆಎಳೆಯಾದ ಪಾಚಿ, ಕೂದಲು ಬಿಚ್ಚಿದ ಹಾಗೆ, ದಟ್ಟ ಹಸಿರು. ಗುಂಡಿ ದಾಟಿದ ಮೇಲೆ ದಡದಲ್ಲಿ ಗರಿಕೆ ಚಿಗುರಿತ್ತು. ಹುಟ್ಟಿದಾಗಿನಿಂದ ಆ ದಾರಿ ತುಳಿದವನು ನಾನು, ಒಂದು ದಿನವೂ ನೋಡಿರಲಿಲ್ಲ.

"ಬೇರೆ ಪಾಚಿಯೆಲ್ಲ ಈ ನೀರಿಗೆ ಸತ್ತುಹೋಯ್ತು. ಇದೊಂದು ಒಗ್ಗಿಕೊಂಡಿದೆ. ನಿಮ್ಮ ಮೈಲುತುತ್ತದ ತಾಮ್ರವನ್ನ ಮೈಗೆಲ್ಲ ಹಚ್ಚಿಕೊಂಡು ಕೂತಿದೆ ಅಂತ ನನ್ನ ಅನುಮಾನ."

"ಪಾಚಿ ಅಂದ್ರೆ ಕೊಳೆ ಕಣಮ್ಮ. ಅದೇನ್ ಮಾಡದು?"

"ಕೊಳೆ ಅಲ್ಲ, ಗಿಡ. ನೋಡೋಣ ತನ್ನಿ."

ಒಂದು ಮಂಕರಿ ಪಾಚಿ ಬಾಚಿ ಬಿಸಿಲಿಗೆ ಒಣಹಾಕಿದೆವು. ಒಣಗಿದ್ದನ್ನು ಮಡಕೆಯ ಚೂರಿನ ಮೇಲೆ ಸುಟ್ಟು ಬೂದಿ ಮಾಡಿದರು. ಲಾರಿ ಶೆಡ್ಡಿನಿಂದ ನಾನು ತಂದ ಬ್ಯಾಟರಿ ಆಸಿಡ್ಡನ್ನು ಹುಷಾರಾಗಿ ಬಿಟ್ಟು ಕದಡಿದರು. ಆಮೇಲೆ ಉಜ್ಜಿ ಹೊಳಪು ಮಾಡಿದ ಒಂದು ಕಬ್ಬಿಣದ ಮೊಳೆಯನ್ನು ಅದರಲ್ಲಿ ಇಳಿಬಿಟ್ಟು, ಅವ್ವ ಕೊಟ್ಟ ಕಾಫಿ ಕುಡಿಯುತ್ತ ಕೂತರು. ಮೊಳೆ ಎತ್ತಿದಾಗ ಅದರ ಅರ್ಧ ಮೈ ಕೆಂಪಗೆ, ಹೊಸ ಚೊಂಬಿನ ಹಾಗೆ ಹೊಳೆಯುತ್ತಿತ್ತು.

"ತಾಮ್ರ" ಎಂದರು. "ನಿಮ್ಮದೇ."

ಆ ಮೊಳೆಯನ್ನು ಹಿಡಿದಾಗ ನನಗೆ ಬಂದ ಧೈರ್ಯ ಇವತ್ತಿಗೂ ಇಳಿದಿಲ್ಲ.

ಟೀಚರಮ್ಮ ಹೇಳಿದಂತೆ ಹಿತ್ತಲಲ್ಲಿ ಒಂದರ ಕೆಳಗೊಂದು ಆಳವಿಲ್ಲದ ತೊಟ್ಟಿಗಳನ್ನು ತೋಡಿಸಿದೆ. ನೀರು ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಇಳಿಯಬೇಕು. ಆದರೆ ಪಾಚಿ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ. ಕಲ್ಲು ಹಾಕಿದೆವು, ಹಗ್ಗ ಕಟ್ಟಿದೆವು, ನೀರಿನ ಜೊತೆ ಜಾರಿಹೋಗುತ್ತಿತ್ತು. ಕೊನೆಗೆ ಟೀಚರಮ್ಮನ ಕಣ್ಣು ಅಕ್ಕನ ಮನೆಯ ಅಟ್ಟದಲ್ಲಿದ್ದ ಹಳೆಯ ಚಂದ್ರಿಕೆಗಳ ಮೇಲೆ ಬಿತ್ತು. ಬಿದಿರಿನ ಚಾಪೆಯ ಮೇಲೆ ಸುತ್ತುಸುತ್ತಾಗಿ ಬಿದಿರ ಪಟ್ಟಿ ಹೊಲಿದಿರುವ, ಸೊಪ್ಪು ತಿಂದು ಮುಗಿಸಿ ಹಣ್ಣಾದ ಹುಳು ಬಿಟ್ಟರೆ ಗೂಡು ಕಟ್ಟುವ ತಟ್ಟೆ ಅದು. ಹುಳು ಹಿಡಿದುಕೊಳ್ಳುವ ಸಂದಿಯನ್ನು ಪಾಚಿಯೂ ಹಿಡಿದುಕೊಂಡಿತು. ಕೆಲವು ದಿನಗಳಲ್ಲಿ ತೊಟ್ಟಿಯೊಳಗಿನ ಚಂದ್ರಿಕೆಗಳೆಲ್ಲ ಹಸಿರು ರತ್ನಗಂಬಳಿಯಾದವು. ಭಾವ ನೋಡಿ, "ಉಳಕ್ಕೆ ಮಾಡ್ಸಿದ್ ಚಂದ್ರಿಕೇಲಿ ಪಾಚಿ ಸಾಕ್ತವ್ರಲ್ಲ. ಗೂಡ್ ಕಟ್ಟದಾ ಇದು?" ಎಂದ. ಆದರೂ ಉಳಿದ ಚಂದ್ರಿಕೆಗಳನ್ನೂ ತಾನೇ ಗಾಡಿಗೆ ಹಾಕಿ ಕಳಿಸಿದ.

ಅಷ್ಟರಲ್ಲಿ ಕೆಳಗಿನ ತೋಟದವರು ಕೊಟ್ಟ ಅರ್ಜಿಯ ಮೇಲೆ ಮೈಸೂರಿನಿಂದ ಒಬ್ಬ ಅಧಿಕಾರಿ ಬಂದರು. ಓದಿದವರು, ಒಳ್ಳೆಯವರು. ತೊಟ್ಟಿ ನೋಡಿ ನಕ್ಕುಬಿಟ್ಟರು. "ಏನಮ್ಮಾ, ಕೆರೆಯಲ್ಲಿ ಪಾಚಿ ಸಾಯಿಸೋಕೇ ನಾವು ಮೈಲುತುತ್ತ ಹಾಕೋದು. ನೀವು ಅದನ್ನೇ ಊಟಕ್ಕೆ ಬಡಿಸ್ತಿದೀರಲ್ಲ."

"ಹೌದು ಸಾರ್, ಹೆಚ್ಚಾದರೆ ಸಾಯುತ್ತೆ. ಆದರೆ ಸತ್ತ ಪಾಚಿಯೂ ಹಿಡಿಯುತ್ತೆ. ಕಾಫಿ ತಗೊಳ್ಳಿ, ತೋರಿಸ್ತೀನಿ."

ಒಂದು ಬಾಟಲಿಯಲ್ಲಿ ತೆಳು ನೀಲಿಯ ಮೈಲುತುತ್ತದ ನೀರು, ಅದಕ್ಕೆ ಹಿಡಿ ತುಂಬ ಒಣಪಾಚಿಯ ಪುಡಿ. ಆತ ಕಾಫಿ ಕುಡಿಯುವವರೆಗೂ ಟೀಚರಮ್ಮ ಬಾಟಲಿಯನ್ನು ಮಗುವಿಗೆ ಔಷಧಿ ಕಲಕುವಂತೆ ಕಲಕುತ್ತ ಊರಿನ ಸುದ್ದಿ ಮಾತಾಡಿದರು. ಆಮೇಲೆ ಬಟ್ಟೆಯಲ್ಲಿ ಸೋಸಿದರು. ನೀಲಿ ಎಲ್ಲಿತ್ತು ಎಂದು ಹುಡುಕಬೇಕಾಯಿತು. ಅಧಿಕಾರಿ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಇನ್ನೊಂದು ಲೋಟ ಕಾಫಿ ಸಿಗಬಹುದೇ ಎಂದು ಕೇಳಿದರು. ತೊಟ್ಟಿಗಳನ್ನು ಮುಂದುವರಿಸಿ ಎಂದು ಹೇಳಿಹೋದರು.

ಆ ಬೆಳೆ ಅಕ್ಕನ ಹುಳುಗಳು ಜ್ವರದಿಂದ ಎದ್ದವು. ಗೂಡು ಬಂತು. ನಾವೆಲ್ಲ ಗೆದ್ದೆವೆಂದುಕೊಂಡೆವು.

ಎಡವಿದ್ದು ಅದರ ಮುಂದಿನ ಬೆಳೆಯಲ್ಲಿ. ನಮ್ಮ ಕಡೆಯ ಒಕ್ಕಲುತನದಲ್ಲಿ ಒಂದು ರೂಢಿಯಿದೆ. ಕೆರೆ ಬತ್ತಿದಾಗ ಅದರ ಗೋಡುಮಣ್ಣು, ಪಾಚಿ, ಜೊಂಡು ಏನಿದ್ದರೂ ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಾರೆ. ಹಸಿರಾಗಿ ಕೊಳೆಯುವುದೆಲ್ಲ ಗೊಬ್ಬರವೇ. ಚಂದ್ರಿಕೆಗಳಿಂದ ಬಾಚಿ ತೆಗೆದ ಪಾಚಿ ತೊಟ್ಟಿಯ ಪಕ್ಕ ಗುಡ್ಡೆ ಬಿದ್ದಿತ್ತು. ಭಾವ ಒಂದು ದಿನ ಗಾಡಿ ಕಟ್ಟಿಕೊಂಡು ಬಂದ. ಅಂಥ ಒಳ್ಳೆಯ ಗೊಬ್ಬರ ಒಣಗಿಹೋಗುತ್ತಿದೆಯಲ್ಲ ಎಂದು ಅವನ ಹೊಟ್ಟೆ ಉರಿದಿರಬೇಕು. ಅಷ್ಟನ್ನೂ ತುಂಬಿಕೊಂಡು ಹೋಗಿ ಹಿಪ್ಪುನೇರಳೆಯ ಬುಡಕ್ಕೆ ಹಾಕಿದ. ನನಗಾಗಲಿ ಟೀಚರಮ್ಮನಿಗಾಗಲಿ ಗೊತ್ತೇ ಆಗಲಿಲ್ಲ.

ಹುಳುಗಳು ಈ ಸಲ ಕೊನೆಯ ಜ್ವರದವರೆಗೂ ಬರಲಿಲ್ಲ. ಭಾವ ಒಂದು ಮಂಕರಿ ತುಂಬ ಕಪ್ಪಿಟ್ಟ ಹುಳುಗಳನ್ನು ತಂದು ಟೀಚರಮ್ಮನ ಬಾಗಿಲ ಮುಂದೆ ಸುರಿದ. ಅವನ ಹಿಂದೆ ಕೆಳಗಿನ ತೋಟದವರು ಗುದ್ದಲಿ ಹಿಡಿದು ನಿಂತಿದ್ದರು.

"ನೋಡಿ ಟೀಚರಮ್ಮ, ನಿಮ್ ಪಾಚಿ ಮಾಡಿದ್ ಕೆಲ್ಸ."

ಟೀಚರಮ್ಮ ಕೂತು ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡರು. "ಹೊಸದಾಗಿ ಏನು ಮಾಡಿದಿರಿ ತೋಟಕ್ಕೆ?" ಎಂದು ಕೇಳಿದರು. ಭಾವ ಹೇಳಿದ. ಅವರು ಕಣ್ಣು ಮುಚ್ಚಿ ತೆರೆದರು. ನಾನು ಭಾವನ ಮೇಲೆ ರೇಗಲು ಬಾಯಿ ತೆರೆದಿದ್ದೆ, ಅವರು ಕೈಯೆತ್ತಿ ತಡೆದರು.

"ತಪ್ಪು ನನ್ನದು. ಪಾಠ ಅರ್ಧಕ್ಕೆ ನಿಲ್ಲಿಸಿದೆ. ಪಾಚಿ ತಾಮ್ರವನ್ನ ತಿಂದು ಅರಗಿಸಿಕೊಳ್ಳೋದಿಲ್ಲ, ಹೊತ್ತುಕೊಳ್ಳುತ್ತೆ ಅಷ್ಟೆ. ಅದು ಹೊತ್ತ ಹೊರೆಯನ್ನ ನೀವು ನಿಮ್ಮ ತೋಟದಲ್ಲೇ ಇಳಿಸಿಬಿಟ್ಟಿರಿ. ಇಳಿಸೋ ಜಾಗ ಯಾವುದು ಅಂತ ನಾನು ಹೇಳಬೇಕಾಗಿತ್ತು."

"ಈಗೇನ್ ಮಾಡದು? ಕಾಲ್ವೆ ಮುಚ್ತೀವಿ" ಎಂದನು ಹಿಂದಿನಿಂದ ಒಬ್ಬ.

"ಮುಚ್ಚಿ. ಆದರೆ ಅದಕ್ಕೆ ಮೊದಲು ನನಗೆ ಒಂದು ತಟ್ಟೆ ಹುಳ ಕೊಡಿ. ತೊಟ್ಟಿಯಿಂದ ಇಳಿದ ನೀರು ಕುಡಿದ, ಈ ಪಾಚಿ ಬೀಳದ ಗಿಡದ ಸೊಪ್ಪು ಹಾಕಿ ನನ್ನ ಕೋಣೆಯಲ್ಲಿ ನಾನೇ ಸಾಕ್ತೀನಿ. ಅವು ಗೂಡು ಕಟ್ಟದಿದ್ದರೆ ಕಾಲುವೆಗೆ ಮೊದಲನೇ ಮಂಕರಿ ಮಣ್ಣು ನಾನೇ ಹಾಕ್ತೀನಿ."

ನನ್ನ ಬಣ್ಣದ ಮನೆಯನ್ನೇ ಒಂದು ತಟ್ಟೆ ಹುಳುವಿನ ಮೇಲೆ ಇಟ್ಟುಬಿಟ್ಟಿದ್ದರು, ನನ್ನನ್ನು ಒಂದು ಮಾತೂ ಕೇಳದೆ. ಅವರ ಮುಖ ನೋಡಿದೆ. ಅಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ.

ಅಕ್ಕನೇ ಹುಳು ತಂದುಕೊಟ್ಟಳು, ಸಾಕುವುದನ್ನು ಹೇಳಿಕೊಟ್ಟಳು. ಹೈಸ್ಕೂಲಿನ ಟೀಚರು ನಮ್ಮಕ್ಕನ ಮುಂದೆ ವಿದ್ಯಾರ್ಥಿಯಾಗಿ ಕೂತು ಸೊಪ್ಪು ಹೆಚ್ಚುವುದನ್ನು ಕಲಿತರು. "ಸಣ್ಣಕ್ಕೆ ಎಚ್ಬೇಕು ಟೀಚರಮ್ಮ, ಮಕ್ಳಿಗೆ ತುತ್ತ್ ಮಾಡ್ದಂಗೆ" ಎಂದರೆ, "ಸರಿ ಕಣಮ್ಮ" ಎಂದು ತಿದ್ದಿಕೊಳ್ಳುವರು. ಕೋಣೆಯಲ್ಲಿ ಒಂದು ಕಡೆ ಬಾಟಲಿಗಳು, ಒಂದು ಕಡೆ ಹುಳು. ತಟ್ಟೆಗೆ ಇರುವೆ ಹತ್ತದಿರಲೆಂದು ನಾಲ್ಕು ಕಾಲಿಗೂ ನೀರಿನ ಬಟ್ಟಲು. ಶಾಲೆಯಿಂದ ಊಟಕ್ಕೆ ಬಿಟ್ಟಾಗ ತಾವು ಉಣ್ಣುವ ಮೊದಲು ಹುಳುವಿಗೆ ಸೊಪ್ಪು ಹಾಕುತ್ತಿದ್ದರು. ಒಂದೊಂದು ಜ್ವರಕ್ಕೂ ಅವ್ವ ದೇವರಿಗೆ ದೀಪ ಹಚ್ಚಿದಳು. ಪಾಚಿ ಕೈಯ ಬಗ್ಗೆ ಆಡುವುದನ್ನು ಯಾವಾಗ ಬಿಟ್ಟಳೋ ತಿಳಿಯದು.

ಕೊನೆಯ ಜ್ವರದಿಂದ ಹುಳುಗಳು ಎದ್ದ ಬೆಳಿಗ್ಗೆ ಆ ಕೋಣೆಯಿಂದ ಸೊಪ್ಪು ಕಡಿಯುವ ಸದ್ದು ನನ್ನ ಕೊಪ್ಪರಿಗೆಯ ತನಕ ಕೇಳಿಸಿತೆಂದೇ ನನಗೆ ನೆನಪು. ಅಷ್ಟು ಕಿವಿ ಕೊಟ್ಟು ಕೂತಿದ್ದೆ. ಹಣ್ಣಾದವನ್ನು ಟೀಚರಮ್ಮ ಚಂದ್ರಿಕೆಗೆ ಬಿಟ್ಟರು. ಹಳದಿ ಗೂಡುಗಳು ತುಂಬಿದ ಆ ಚಂದ್ರಿಕೆಯನ್ನು ಬೀದಿಯ ಜಗುಲಿಯ ಮೇಲೆ ಇಟ್ಟು ಶಾಲೆಗೆ ಹೊರಟುಹೋದರು. ಕೆಳಗಿನ ತೋಟದವರು ಒಬ್ಬೊಬ್ಬರೇ ಬಂದು, ಒಳಗೆ ಹುಳು ಗಟ್ಟಿಯಾಗಿದೆಯೇ ಎಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಹೋದರು. ಗುದ್ದಲಿಗಳು ತೋಟಕ್ಕೇ ವಾಪಸಾದವು.

ಆ ರಜೆಯಲ್ಲಿ ಟೀಚರಮ್ಮ ಮೈಸೂರಿಗೆ ಹೋಗಲಿಲ್ಲ. ಭಾವನ ತೋಟದಲ್ಲಿ ಪಾಚಿ ಬಿದ್ದ ಕಡೆಯೆಲ್ಲ ಮೇಲುಮಣ್ಣು ಹೆರೆಸಿದರು, ಹೆರೆಯುವ ಹೆಂಗಸರ ಜೊತೆ ತಾವೂ ಕೂತರು. ಅದರಲ್ಲಿದ್ದ ತಾಮ್ರ ಮತ್ತೆ ಎಲ್ಲೂ ಹರಿಯದಂತೆ ಆ ಮಣ್ಣನ್ನು ಇಟ್ಟಿಗೆ ಮಾಡಿಸಿ, ಸುಡಿಸಿ, ನಮ್ಮ ತೊಟ್ಟಿಗಳಿಗೇ ಗೋಡೆ ಕಟ್ಟಿಸಿದರು. ಅಂದಿನಿಂದ ಬಾಚಿದ ಪಾಚಿಯನ್ನು ಒಣಗಿಸಿ ಸುಡುವುದು, ಬೂದಿಯನ್ನು ಮಡಕೆಗೆ ತುಂಬುವುದು, ಆಸಿಡ್ಡಿನಲ್ಲಿ ಕರಗಿಸಿ ತಿಳಿಯಾದ ನೀಲಿ ನೀರನ್ನು ಮತ್ತೆ ಕೊಪ್ಪರಿಗೆಗೇ ಬಿಡುವುದು ನಮ್ಮ ಪದ್ಧತಿಯಾಯಿತು. ಕಾಲುವೆಗೆ ಚೆಲ್ಲಿದ ಮೈಲುತುತ್ತ ಬೂದಿಯಾಗಿ ಮನೆಗೆ ಬರುತ್ತಿತ್ತು. ಭಾವ ಪಾಚಿಯ ಕಾವಲುಗಾರನೇ ಆದ. ಯಾರಾದರೂ ಹೊಸಬರು ಗೊಬ್ಬರಕ್ಕೆ ಕೇಳಿದರೆ, "ಮುಟ್ಬೇಡಿ ಕಣ್ರಿ, ಅದು ತಾಮ್ರದ್ ಒರೆ ಒತ್ತಿರೋದು" ಎಂದು ಗದರುತ್ತಿದ್ದ.

ಒಂದು ಸಂಜೆ ರೇಡಿಯೋದಲ್ಲಿ ಅಣುಶಕ್ತಿಯ ಸುದ್ದಿ ಬಂತು. ಆ ಕಾರ್ಖಾನೆಗಳಿಂದ ಹೊರಡುವ ನೀರಿನಲ್ಲೂ ಕೆಟ್ಟ ಲೋಹಗಳಿರುತ್ತವೆ, ಅವು ಕಣ್ಣಿಗೆ ಕಾಣದೆ ಸುಡುತ್ತವೆ ಎಂದು ಟೀಚರಮ್ಮ ನನಗೆ ವಿವರಿಸಿದರು.

"ಅದ್ನೂ ಪಾಚಿ ಇಡ್ಕಂಡದಾ?" ಎಂದೆ, ಕೀಟಲೆಗೆ.

"ಹಿಡಿಯುತ್ತೆ. ಯಾವ ಪಾಚಿ ಅಂತ ಇನ್ನೂ ಗೊತ್ತಿಲ್ಲ. ಆದರೆ ಹಿಡಿದಮೇಲೆ ಎಲ್ಲಿ ಇಳಿಸ್ತೀರಿ ಅಂತ ಅವರನ್ನ ಮೊದಲೇ ಕೇಳಬೇಕು ನೋಡಿ. ನಾವು ಒಂದು ಸಲ ಮರೆತಿದ್ದೆವಲ್ಲ." ನಾನು ನಗಲಿಲ್ಲ. ಅವರು ಹೇಳಿದರೆ ಆಗುತ್ತದೆ ಎಂದು ಆ ಹೊತ್ತಿಗೆ ನಾನು ನಂಬಿಬಿಟ್ಟಿದ್ದೆ.

ಟೀಚರಮ್ಮನಿಗೆ ಯಳಂದೂರಿಗೆ ವರ್ಗವಾದಾಗ ನಾವು ಒಂದು ಸೀರೆ ನೇಯಿಸಿದೆವು. ಅವರು ಸಾಕಿದ ಹುಳುವಿನ ನೂಲನ್ನು ಅಕ್ಕ ಬೇರೆಯಾಗಿ ತೆಗೆಸಿಟ್ಟಿದ್ದಳು, ಅದು ಸೆರಗಿಗೆ ಹೋಯಿತು. ಬಣ್ಣ ಹಾಕಿದವನು ನಾನು, ಬೇರೆಯವರಿಗೆ ಬಿಡಲಿಲ್ಲ. ತೊಟ್ಟಿಯ ಪಾಚಿಯದೇ ದಟ್ಟ ಹಸಿರು ಬರುವವರೆಗೂ ಅದ್ದಿ, ಪಾಚಿಯ ಬೂದಿಯಿಂದ ಬಂದ ಮೈಲುತುತ್ತದಲ್ಲೇ ಬಣ್ಣ ನಿಲ್ಲಿಸಿದೆ. ಟೀಚರಮ್ಮ ಯಾರಿಂದಲೂ ಏನನ್ನೂ ತೆಗೆದುಕೊಳ್ಳುವವರಲ್ಲ. ಅಕ್ಕ ಮಡಿಲಿಗೆ ಇಟ್ಟಾಗ ಮಾತ್ರ ಬೇಡವೆನ್ನಲಿಲ್ಲ. ಸುಮ್ಮನೆ ಎದ್ದು ಬಚ್ಚಲಿಗೆ ಹೋಗಿ ಒಂದು ಬಕೆಟ್ ನೀರಿಗೆ ಸೆರಗಿನ ತುದಿ ಅದ್ದಿ, ಕಾದು, ಎತ್ತಿ, ನೀರನ್ನು ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಪರೀಕ್ಷೆ ಬರೆದವನ ಸ್ಥಿತಿ ನನ್ನದು.

"ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಎಪ್ಪತ್ತರ ದಶಕದಲ್ಲಿ, ರಿಟೈರಾದ ಮೇಲೂ ಅವರು ಯಳಂದೂರಿನಲ್ಲೇ ಹೊಳೆಗೆ ಹತ್ತಿರ ಒಂದು ಮನೆ ಮಾಡಿಕೊಂಡು ಇದ್ದರು. ತೀರಿಕೊಂಡ ಸುದ್ದಿಯನ್ನು ಬಸ್ಸಿನವರು ತಂದು ಹೇಳಿದರು. ನಾನು, ಭಾವ, ಅಕ್ಕ ಹೊರಟೆವು. ಮೈಸೂರಿನಿಂದ ಅವರ ತಮ್ಮ ಬಂದಿದ್ದರು. ಕಿಟಕಿಯಲ್ಲಿ ಬಾಟಲಿಗಳು ಸಾಲಾಗಿ ನಿಂತಿದ್ದವು. ಟೀಚರಮ್ಮನಿಗೆ ಉಡಿಸಿದ್ದು ಆ ಹಸಿರು ಸೀರೆಯನ್ನು. ಅವರೇ ಹೇಳಿದ್ದರಂತೆ. ಅಕ್ಕ ಅವರ ಕೈ ಹಿಡಿದು ಅತ್ತಳು. ಉಗುರುಗಳ ಸಂದಿಯಲ್ಲಿ ಹಸಿರು ಹಾಗೇ ಇತ್ತು.

ಚಟ್ಟ ಎತ್ತಿಕೊಂಡು ಹೊಳೆಯ ಕಡೆಗೆ ಹೊರಟಾಗ ಮಳೆ ಹಿಡಿಯಿತು. ನಿಲ್ಲಲು ಜಾಗವಿರಲಿಲ್ಲ, ನಡೆದೆವು. ಒಂದು ಹೆಗಲು ನಾನು ಕೊಟ್ಟಿದ್ದೆ. ಸೀರೆ ಪೂರ್ತಿ ನೆನೆದು, ಇಳಿಬಿದ್ದ ಸೆರಗಿನಿಂದ ನೀರು ನನ್ನ ಬಿಳಿ ಅಂಗಿಯ ತೋಳಿನ ಮೇಲೆ ತೊಟ್ಟಿಕ್ಕುತ್ತಿತ್ತು. ಬಣ್ಣದವನ ಕಣ್ಣು, ಅಂಥ ಹೊತ್ತಿನಲ್ಲೂ ಸುಮ್ಮನಿರಲಿಲ್ಲ. ದಾರಿಯುದ್ದಕ್ಕೂ ತೋಳನ್ನು ನೋಡಿಕೊಂಡೇ ಹೋದೆ. ಹೊಳೆಯ ದಡದಲ್ಲಿ ಹೆಗಲು ಇಳಿಸಿದಾಗ ಭಾವನೂ ನನ್ನ ತೋಳನ್ನೇ ನೋಡುತ್ತಿದ್ದ. ಅಂಗಿ ಬರೀ ಒದ್ದೆಯಾಗಿತ್ತು, ಬೆಳ್ಳಗೆ ಇತ್ತು.

"ನೀರು ನೀರಾಗೇ ಓಯ್ತಾ ಅದೆ ಕಣ್ಲಾ" ಎಂದ ಭಾವ.